ನಾಲ್ಕು ಬೆರಳಿನ ಸಂದು

ಸೆಲಾಸಿ ಅಗ್ಬೆಕೊ ಹಡಗು ಹತ್ತಿದ ದಿನ ಅವನನ್ನು ಬರಮಾಡಿಕೊಳ್ಳಲು ಕ್ಯಾಪ್ಟನ್ ಅಮಿಸಾ ತಾವೇ ಏಣಿಯ ಬುಡದವರೆಗೆ ಇಳಿದು ಹೋದರು. ಎಕೋ ಬೆಂಟ್ಸಿಲ್ ಅದನ್ನು ಕಣ್ಣಾರೆ ಕಂಡ. ಟೆಮಾ ಬಂದರಿನ ಕಟ್ಟೆಗೆ ಒರಗಿ ನಿಂತಿದ್ದ 'ಎಫುವಾ ಗ್ರೇಸ್' ಎಂಬ ಆ ಸಣ್ಣ ತೈಲದ ಹಡಗಿನಲ್ಲಿ ಅವನು ಬೋಸನ್, ಅಂದರೆ ಡೆಕ್ಕಿನ ಕೆಲಸಗಾರರಿಗೆಲ್ಲ ಮೇಸ್ತ್ರಿ. ಬೆಳಗಿನಿಂದ ಹಡಗಿನ ಅಂಚಿನುದ್ದಕ್ಕೂ ಮುಳ್ಳುತಂತಿಯ ಸುರುಳಿಗಳನ್ನು ಎಳೆದೆಳೆದು ಕಟ್ಟಿಸುತ್ತಿದ್ದ. ಕೈಗವಸು ಎರಡು ಕಡೆ ಹರಿದು ಬೆರಳಲ್ಲಿ ರಕ್ತ ಒಸರುತ್ತಿತ್ತು. ಹನ್ನೊಂದು ವರ್ಷದಿಂದ ಇದೇ ಕ್ಯಾಪ್ಟನ್ ಕೈಕೆಳಗೆ ದುಡಿದಿದ್ದ. ಒಂದು ದಿನವಾದರೂ ಅವರು ತನಗಾಗಿ ಮೂರು ಮೆಟ್ಟಿಲು ಇಳಿದದ್ದು ಅವನಿಗೆ ನೆನಪಿರಲಿಲ್ಲ.

"ಯಾರೋ ಅದು? ಮಂತ್ರಿ ಮಗನಾ?" ಎಂದು ತಂತಿಯ ಇನ್ನೊಂದು ತುದಿ ಹಿಡಿದಿದ್ದ ನಾವಿಕನನ್ನು ಕೇಳಿದ.

"ಗೊತ್ತಿಲ್ವಾ ಬೋಸನ್? ಅವ್ನೇ ಸೆಲಾಸಿ. ಐವತ್ತೇಳು ದಿನ ಕಾಡಲ್ಲಿ ಕಡಲ್ಗಳ್ಳರ ಕೈಲಿದ್ದು ಜೀವಂತ ಬಂದೋನು. ರೇಡಿಯೋದಲ್ಲೆಲ್ಲ ಬಂದಿತ್ತಲ್ಲ."

ಎಕೋ ತಂತಿಯನ್ನು ಬೇಕಾದದ್ದಕ್ಕಿಂತ ಜೋರಾಗಿ ಜಗ್ಗಿದ. ಆ ತುದಿಯಲ್ಲಿದ್ದವನು "ಅಯ್ಯೋ ಕೈ, ಕೈ" ಎಂದು ಬಿಟ್ಟುಬಿಟ್ಟ.

ಬಂದವನು ನೋಡಲು ದೊಡ್ಡ ಆಳೇನಲ್ಲ. ಮೂವತ್ತೈದರ ಆಸುಪಾಸು, ತೆಳ್ಳಗಿನ ಮೈ, ಹೆಗಲಲ್ಲೊಂದು ಚೀಲ. ಏಣಿ ಹತ್ತಿ ಮೇಲೆ ಬಂದವನೇ ಬೋಸನ್ ಯಾರೆಂದು ವಿಚಾರಿಸಿ ನೇರ ಎಕೋನ ಮುಂದೆ ನಿಂತು ತಲೆಬಾಗಿ ಕೈ ಚಾಚಿದ. ಎಕೋ ರಕ್ತದ ಕೈಯನ್ನು ತೋರಿಸಿ, "ಕೆಲ್ಸದಲ್ಲಿದ್ದೀನಿ" ಎಂದ. ಸೆಲಾಸಿ ಅವನ ಮುಖವನ್ನು ಒಂದು ಗಳಿಗೆ ಹೆಚ್ಚೇ ನೋಡಿ, "ಸರಿ ಬೋಸನ್" ಎಂದು ಹೊರಟುಹೋದ.

ಆ ಕರಾವಳಿಯಲ್ಲಿ ಹತ್ತೊಂಬತ್ತು ವರ್ಷ ಎಕೋ ತಂತಿ ಕಟ್ಟಿದ್ದಾನೆ. ಟೆಮಾದಿಂದ ಡುವಾಲಾ ತನಕ ಎಲ್ಲಿ ಕಳ್ಳದೋಣಿಗಳು ಹೊಂಚು ಹಾಕುತ್ತವೆ, ಯಾವ ನೀರಿನಲ್ಲಿ ಲಂಗರು ಹಾಕಬಾರದು ಎಂದು ಅವನಿಗೆ ಬಾಯಿಪಾಠ. ಅವನು ತಂತಿ ಕಟ್ಟಿದ ಹಡಗಿನ ಮೇಲೆ ಒಬ್ಬನೇ ಒಬ್ಬ ಕಳ್ಳ ಕಾಲಿಟ್ಟಿರಲಿಲ್ಲ. ಎರಡು ಸಲ ದೋಣಿಗಳು ಹತ್ತಿರ ಬಂದು, ಸುತ್ತು ಹಾಕಿ, ನೋಡಿ, ವಾಪಸು ಹೋಗಿದ್ದವು. ಬಂದೂಕಿನ ಕಾವಲಿಡುವಷ್ಟು ದೊಡ್ಡ ಮಾಲೀಕರೇನೂ ಅವನಿಗೆ ಸಿಕ್ಕಿರಲಿಲ್ಲ, ತಂತಿಯೇ ಕಾವಲು. ಆದರೆ ಊಟದ ಮೇಜಿನಲ್ಲಿ ಇದನ್ನು ಹೇಳಲು ಹೊರಟರೆ ಹೇಳುವುದಾದರೂ ಏನು? ದೋಣಿ ಬಂತು, ದೋಣಿ ಹೋಯಿತು. ಅಷ್ಟಕ್ಕೆ ಕೇಳುವವರು ತಟ್ಟೆಯ ಕಡೆ ತಿರುಗುತ್ತಿದ್ದರು.

ಸೆಲಾಸಿಯ ವಿಷಯ ಹಾಗಲ್ಲ. ಅವನು ಬಾಯಿ ಬಿಡದಿದ್ದರೂ ಎಲ್ಲರೂ ಕಿವಿ ಚಾಚಿ ಕೂರುತ್ತಿದ್ದರು.

ಮೊದಲ ರಾತ್ರಿಯ ಊಟಕ್ಕೆ ಅಡುಗೆಯ ಟೆಟೆ ಕೆಂಪು ಮೀನು ಹುರಿದು, ಎಲೆಯಲ್ಲಿ ಸುತ್ತಿ ಬೇಯಿಸಿದ ಜೋಳದ ಕೆಂಕೆ ಉಂಡೆ ಬಿಚ್ಚಿ, ಮೆಣಸಿನ ಗೊಜ್ಜು ಅರೆದಿದ್ದ. ದೊಡ್ಡ ಮೀನಿನ ತಲೆ ಯಾವತ್ತೂ ಬೋಸನ್‌ಗೆ. ಅದು ಯಾರೂ ಬರೆದಿಟ್ಟ ನಿಯಮವಲ್ಲ, ಆದರೆ ಟೆಟೆ ಅದನ್ನು ಆರು ವರ್ಷದಿಂದ ತಪ್ಪಿಸಿರಲಿಲ್ಲ. ಆವತ್ತು ಅವನು ತಟ್ಟೆ ಹಿಡಿದು ಬಂದು, ಎಕೋನನ್ನು ದಾಟಿ, ಮೀನಿನ ತಲೆಯನ್ನು ಸೆಲಾಸಿಯ ಮುಂದೆ ಇಟ್ಟ.

"ತಿನ್ನಪ್ಪಾ. ಆ ಕಾಡಲ್ಲಿ ನಿಂಗೆ ಏನ್ ಕೊಟ್ರೋ ಏನೋ."

"ನೂಡಲ್ಸ್ ಕೊಡ್ತಿದ್ರು," ಎಂದ ಸೆಲಾಸಿ. "ಹಸೀದು."

ಮೇಜಿನ ಸುತ್ತ ನಿಟ್ಟುಸಿರು. ಒಬ್ಬ ಅವನ ಲೋಟಕ್ಕೆ ನೀರು ಬಗ್ಗಿಸಿದ, ಇನ್ನೊಬ್ಬ ಗೊಜ್ಜಿನ ಬಟ್ಟಲು ಸರಿಸಿದ. ಹಸಿ ನೂಡಲ್ಸ್ ತಿಂದದ್ದಕ್ಕೆ ಇಷ್ಟು ಉಪಚಾರವಾ ಎಂದುಕೊಂಡ ಎಕೋ. ತನ್ನ ತಟ್ಟೆಯಲ್ಲಿದ್ದ ಬಾಲದ ತುಂಡನ್ನು ಮುಳ್ಳು ಸಮೇತ ಅಗಿದ.

ಊಟವಾದ ಮೇಲೆ ಡೇಮ್ ಎಂಬ ಕಾಯಿ ಆಟದ ಹಲಗೆ ತೆಗೆಯುವುದು ಆ ಹಡಗಿನ ವಾಡಿಕೆ. ಕಾಯಿ ನಡೆಸುವುದರಲ್ಲಿ ಎಕೋನನ್ನು ಮೀರಿಸುವವರು ಇರಲಿಲ್ಲ. ಸೆಲಾಸಿ ಆಡಲು ಕೂತ. ಇಂಜಿನಿಯರ್ ಅವನಿಗೆ ಸೋತ. ಟೆಟೆಯೂ ಸೋತ. ಇಬ್ಬರೂ ಬೇಕೆಂದೇ ಸೋತದ್ದು ಎಂದು ಕುರುಡನಿಗೂ ಕಾಣುವಂತಿತ್ತು. ಆಮೇಲೆ ಎಕೋ ಕೂತು ಒಂಬತ್ತೇ ನಡೆಯಲ್ಲಿ ಅವನನ್ನು ಗುಡಿಸಿ ಹಾಕಿದ.

"ಏನ್ ಬೋಸನ್," ಎಂದು ಟೆಟೆ ರಾಗ ಎಳೆದ, "ಅವ್ನಿಗೆ ಒಂದಾಟ ಬಿಟ್ಟುಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಸೋತವನು ಮಾತ್ರ ನಕ್ಕ. "ಬಿಡಣ್ಣಾ. ಊರಿಗೆ ಬಂದಾಗಿಂದ ನನ್ನ ಜೊತೆ ಸರಿಯಾಗಿ ಆಡಿದೋರು ಇವ್ರೊಬ್ರೇ" ಎಂದು ಕಾಯಿಗಳನ್ನು ಮತ್ತೆ ಜೋಡಿಸತೊಡಗಿದ. ಎಕೋನಿಗೆ ಅದು ಚುಚ್ಚುಮಾತಿನಂತೆ ಕೇಳಿತು. ಎದ್ದು ಹೋದ.

ಕೊಟೊನೂ ಬಂದರಿನ ಎದುರಿಗೆ ಲಂಗರು ಹಾಕಿದಾಗ ಫೋನಿಗೆ ಸಿಗ್ನಲ್ ಸಿಕ್ಕಿತು. ಎಕೋ ಮನೆಗೆ ಹಚ್ಚಿದ. ಎಲ್ಮಿನಾದಲ್ಲಿ ಅವನ ಹೆಂಡತಿ ಅರಬಾ ಮೀನು ಹೊಗೆ ಹಾಕುವ ಒಲೆಗಳ ನಡುವೆ ನಿಂತೇ ಮಾತಾಡುವವಳು. ಕೆಮ್ಮು, ಹೊಗೆ, ಅಕ್ಕಪಕ್ಕದ ಹೆಂಗಸರ ಗದ್ದಲ ಎಲ್ಲ ಫೋನಿನಲ್ಲಿ ಬರುತ್ತಿತ್ತು.

"ಕೇಳೋ, ನಿನ್ನ ಹಡಗಲ್ಲಿ ಆ ಸೆಲಾಸಿ ಇದ್ದಾನಂತೆ? ನಿಜಾನಾ?"

"ನಿಂಗ್ಯಾರು ಹೇಳಿದ್ರು?"

"ಟೆಟೆ ಹೆಂಡ್ತಿ. ನಾನು ರೇಡಿಯೋದಲ್ಲಿ ಅವ್ನ ಮಾತು ಕೇಳಿದ್ದೆ ಕಣೋ. ಅಮ್ಮನ್ನ ನೆನೆಸ್ಕೊಂಡು ಮಾತು ಅರ್ಧಕ್ಕೇ ಬಿಟ್ಟ. ನಾವೆಲ್ಲ ಅತ್ಬಿಟ್ವಿ. ಸರಿಯಾಗಿ ಊಟ ಮಾಡ್ತಾನಾ? ನಿದ್ದೆ?"

"ನಾನೂ ಊಟ ಮಾಡ್ತಿದ್ದೀನಿ. ಅದನ್ನೂ ಕೇಳು."

"ನಿಂಗೇನಾಗಿದೆ? ನಿಂಗೆ ಏನೂ ಆಗಲ್ಲ," ಎಂದಳು ಅರಬಾ. ಅವಳ ಮಟ್ಟಿಗೆ ಅದು ನೆಮ್ಮದಿಯ ಮಾತು. ಹತ್ತೊಂಬತ್ತು ವರ್ಷ ಅವಳು ಅದೇ ನೆಮ್ಮದಿಯಲ್ಲಿ ಮಲಗಿದ್ದಳು. ಎಕೋನಿಗೆ ಮಾತ್ರ ಎದೆಗೆ ಕೆಂಡ ಸುರಿದಂತಾಯಿತು. ಸಿಗ್ನಲ್ ಹೋಯಿತೆಂದು ಸುಳ್ಳು ಹೇಳಿ ಫೋನ್ ಇಟ್ಟ.

ಆ ಸಂಜೆ ಅವನಿಗೆ ಒಂದು ಯೋಚನೆ ಬಂತು, ಬಂದ ಕೂಡಲೇ ತನಗೇ ಹೇಸಿಗೆಯಾಯಿತು. ನನ್ನನ್ನೂ ಹಿಡಿದುಕೊಂಡು ಹೋಗಿದ್ದರೆ, ಎಂದು. ಹೇಸಿಗೆಯಾದರೂ ಅದು ಹೋಗಲಿಲ್ಲ. ತನ್ನ ಕಿರುಮಂಚದಲ್ಲಿ ಮಲಗಿದಾಗ ತಾನು ಬಿಡುಗಡೆಯಾಗಿ ಇಳಿದು ಬರುವುದನ್ನೂ ಅರಬಾ ಓಡಿ ಬರುವುದನ್ನೂ ಕ್ಯಾಪ್ಟನ್ ಮೆಟ್ಟಿಲಿಳಿಯುವುದನ್ನೂ ಕಣ್ಣಿಗೆ ಕಟ್ಟಿಕೊಂಡ. ಐವತ್ತೇಳಲ್ಲ, ಅರವತ್ತು ದಿನ.

ಕೊಟೊನೂ ಬಿಟ್ಟ ಮರುದಿನ ಕ್ಯಾಪ್ಟನ್ ಎಲ್ಲರನ್ನೂ ಡೆಕ್ಕಿನ ಮೇಲೆ ಸೇರಿಸಿದರು. ಮುಂದಿನ ನಾಲ್ಕು ದಿನದ ನೀರು ಕೆಟ್ಟದ್ದು. ಜೊತೆಗೆ ಹರ್ಮಟ್ಟಾನ್ ಶುರುವಾಗಿತ್ತು; ಮರುಭೂಮಿಯಿಂದ ಬಂದ ಧೂಳು ಕಡಲ ಮೇಲೆ ಹಾಲಿನ ಕೆನೆಯಂತೆ ಕಟ್ಟಿಕೊಂಡು, ಹಾಡುಹಗಲೇ ಅರ್ಧ ಮೈಲಿ ಆಚೆ ಏನೂ ಕಾಣುತ್ತಿರಲಿಲ್ಲ.

"ಸೆಲಾಸಿ, ನೀನು ಕಂಡೋನು. ಹೇಳು, ನಮ್ಮಲ್ಲಿ ಏನು ಕೊರತೆ?" ಎಂದರು ಕ್ಯಾಪ್ಟನ್.

ಸೆಲಾಸಿ ಹಿಂಜರಿದ. ಆಮೇಲೆ ಹೇಳಿದ. "ತಂತಿ ಚೆನ್ನಾಗಿದೆ ಸರ್. ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದು ನಾನು ನೋಡಿಲ್ಲ. ಆದ್ರೆ ತಂತಿ ತಡ ಮಾಡಿಸುತ್ತೆ, ತಡೆಯಲ್ಲ. ನಮ್ಮನ್ನು ಉಳಿಸೋದು ಕೆಳಗಿನ ಕೋಣೆ ಬಾಗಿಲು."

ಕೆಳಗಿನ ಕೋಣೆ ಅಂದರೆ ಹಡಗಿನ ಹಿಂಭಾಗದಲ್ಲಿ ಚುಕ್ಕಾಣಿಯ ಯಂತ್ರವಿರುವ ಕಬ್ಬಿಣದ ಕೋಣೆ. ಕಳ್ಳರು ಹತ್ತಿದರೆ ಇಂಜಿನ್ ನಿಲ್ಲಿಸಿ ಹದಿನಾಲ್ಕು ಜನವೂ ಅಲ್ಲಿ ಸೇರಿಕೊಂಡು ಅಗುಳಿ ಹಾಕಿಕೊಳ್ಳಬೇಕು. ಒಳಗೆ ಹೊಕ್ಕ ಮೇಲೆ ನೌಕಾದಳ ಬರುವ ತನಕ ಬಾಗಿಲು ನಿಲ್ಲಬೇಕು, ಅಷ್ಟೆ.

"ನಮ್ಮ ಹಡಗಲ್ಲೂ ಅಂಥದೇ ಬಾಗಿಲಿತ್ತು," ಎಂದ ಸೆಲಾಸಿ. "ಒಳಕ್ಕೆ ತೆರೆಯೋದು. ಸುತ್ತಿಗೆಯಲ್ಲಿ ಬಡಿದು ಬಡಿದು ಅಗುಳಿ ಬಗ್ಗಿಸಿದ್ರು. ನಾಲ್ಕು ಬೆರಳು ಸಂದು ಬಿಡ್ತು. ಅಷ್ಟು ಸಾಕಾಯ್ತು, ಬಂದೂಕಿನ ನಳಿಗೆ ಒಳಗೆ ಬರೋಕೆ. ಬಾಗಿಲಿಗೂ ಯಂತ್ರದ ಕಾಲಿಗೂ ನಡುವೆ ಒಂದು ದಪ್ಪ ತೊಲೆ ಅಡ್ಡ ಕೊಟ್ರೆ ಅವ್ರಪ್ಪನ ಕೈಲೂ ಆಗಲ್ಲ."

"ಬೋಸನ್, ಇವತ್ತೇ ಮಾಡಿಸಿಬಿಡು," ಎಂದರು ಕ್ಯಾಪ್ಟನ್. "ಸೆಲಾಸೀನ ಕರ್ಕೊಂಡು ಹೋಗಿ ಅಳತೆ ತಗೋ."

"ಅಳತೆ ಏನು ಸರ್, ಆ ಕೋಣೆ ನನ್ನ ಕಣ್ಣಲ್ಲೇ ಇದೆ," ಎಂದ ಎಕೋ.

ತಂತಿ ತಡೆಯಲ್ಲ! ಹತ್ತೊಂಬತ್ತು ವರ್ಷ ಇವನಪ್ಪ ಬಂದು ತಡೆದನೇ? ಸಿಕ್ಕಿಬಿದ್ದವನು ಬುದ್ಧಿ ಹೇಳುವುದು, ಸಿಕ್ಕಿಬೀಳದವನು ಕೇಳುವುದು. ಉಗ್ರಾಣದಿಂದ ಗಟ್ಟಿ ತೊಲೆಯೊಂದನ್ನು ಎಳೆದು ತಂದು, ಎರಡು ತೋಳು ಚಾಚಿ ಅಂದಾಜು ಮಾಡಿ, ಕರಕರ ಎಂದು ಕೊಯ್ದ. ಮಧ್ಯಾಹ್ನ ಒಬ್ಬನೇ ಹೆಗಲ ಮೇಲೆ ಹೊತ್ತು ಕೆಳಗಿಳಿದು, ಬಾಗಿಲು ಮುಚ್ಚಿ, ಒಂದು ತುದಿಯನ್ನು ಯಂತ್ರದ ಕಾಲಿಗೆ ಕೊಟ್ಟು ಇನ್ನೊಂದನ್ನು ಬಾಗಿಲ ಕಡೆ ಇಳಿಸಿದ.

ಮುಟ್ಟಲಿಲ್ಲ. ನಾಲ್ಕು ಬೆರಳು ಕಮ್ಮಿ.

ಎಕೋ ತನ್ನ ಕೈಯನ್ನೇ ಆ ಸಂದಿನಲ್ಲಿಟ್ಟು ನೋಡಿದ. ಸರಿಯಾಗಿ ನಾಲ್ಕು ಬೆರಳು. ಉಗ್ರಾಣದಲ್ಲಿ ಇನ್ನೊಂದು ತೊಲೆ ಇತ್ತು. ಒಂದು ಗಂಟೆಯ ಕೆಲಸ. ಆದರೆ ಗರಗಸವನ್ನು ಆಗಲೇ ಇಂಜಿನ್ ಕೋಣೆಗೆ ಕೊಟ್ಟಿದ್ದ. ಅಲ್ಲಿ ಸೆಲಾಸಿ ನಾಲ್ಕು ಜನರ ನಡುವೆ ಕೂತಿದ್ದ. ಹೋಗಿ ಕೇಳಿದರೆ "ಯಾಕೆ ಬೋಸನ್, ಅಳತೆ ತಪ್ಪಿತಾ?" ಎಂದು ಯಾರಾದರೂ ನಗುತ್ತಾರೆ. ಆಮೇಲೆ ಮಾಡಿದರಾಯಿತು ಎಂದುಕೊಂಡ. ಇಷ್ಟಕ್ಕೂ ಈ ಬಾಗಿಲಿನ ತನಕ ಬರುವವರು ಯಾರು, ಮೇಲೆ ನನ್ನ ತಂತಿ ಇರುವಾಗ? ತೊಲೆಯನ್ನು ಗೋಡೆಗೆ ಒರಗಿಸಿ ಮೇಲೆ ಬಂದು ಕ್ಯಾಪ್ಟನ್‌ಗೆ, "ಆಯ್ತು ಸರ್" ಎಂದ.

ಆ ಆಮೇಲೆ ಬರಲಿಲ್ಲ. ಮರುದಿನ ಪಂಪು ಕೆಟ್ಟಿತು, ಅದರ ಮರುದಿನ ಅವನೇ ನೆನಪನ್ನು ಬದಿಗೆ ತಳ್ಳಿದ.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದೂವರೆಗೆ ಅವರು ಬಂದರು.

ಧೂಳಿನ ಪರದೆಯೊಳಗಿಂದ ಎರಡು ದೋಣಿಗಳು ಒಮ್ಮೆಲೇ ಮೂಡಿದವು. ನೋಡಿದ್ದು ಎಕೋನೇ. ಗಂಟೆ ಬಡಿದ. ಹಡಗು ಎಷ್ಟು ಹೊರಳಿದರೂ ದೋಣಿಗಳು ಹಿಂಭಾಗಕ್ಕೆ ಅಂಟಿಕೊಂಡೇ ಬಂದವು. ಎಕೋನಿಗೆ ಓಡಬೇಕೆಂದು ಗೊತ್ತಿತ್ತು, ಆದರೆ ತಂತಿ ಏನು ಮಾಡುತ್ತದೆ ಎಂದು ನೋಡದೆ ಕಾಲು ಏಳಲಿಲ್ಲ. ಕೊಕ್ಕೆ ಇರುವ ಉದ್ದನೆಯ ಏಣಿ ಬಂತು. ಆ ಏಣಿಯ ಮೇಲೆ ಒಬ್ಬ ಹಾಸಿಗೆ ಹೊತ್ತು ಬಂದ. ಮನೆಯಲ್ಲಿ ಮಲಗುವ ಹೂವಿನ ಚಿತ್ತಾರದ ಹಾಸಿಗೆ. ಅದನ್ನು ತಂತಿಯ ಮೇಲೆ ಎಸೆದು, ಮೇಲೆ ಉರುಳಿಕೊಂಡು ಡೆಕ್ಕಿಗೆ ಬಿದ್ದ. ಅವನ ಹಿಂದೆ ಇನ್ನೊಬ್ಬ. ಹತ್ತೊಂಬತ್ತು ವರ್ಷದ ತಂತಿ ಒಂದು ಹಾಸಿಗೆಗೆ ಸೋತಿತು, ಅದೂ ಎರಡು ನಿಮಿಷದೊಳಗೆ.

ಯಾರೋ ಅವನ ಅಂಗಿ ಹಿಡಿದು ಜಗ್ಗಿದರು. ಸೆಲಾಸಿ. "ಬನ್ನಿ ಬೋಸನ್, ಕೆಳಗೆ."

ಇಬ್ಬರೇ ಕೊನೆಯವರು. ಕೋಣೆ ಹೊಕ್ಕು ಅಗುಳಿ ಹಾಕಿದರು. ಕ್ಯಾಪ್ಟನ್ ತಲೆ ಎಣಿಸಿದರು, ಹದಿನಾಲ್ಕೂ ಇತ್ತು. ಒಂದೇ ಒಂದು ಬ್ಯಾಟರಿ ದೀಪ. ಎಣ್ಣೆಯ ನಾತ, ಒಲೆಯೊಳಗಿನಂಥ ಸೆಕೆ. ಕರೆ ನೌಕಾದಳಕ್ಕೆ ತಲುಪಿದೆ, ಬರಲು ಎರಡು ಗಂಟೆ ಬೇಕು ಎಂದರು ಕ್ಯಾಪ್ಟನ್.

"ತೊಲೆ," ಎಂದ ಇಂಜಿನಿಯರ್.

ಎಕೋ ಗೋಡೆಯ ಕಡೆ ನೋಡಿದ. ಇಬ್ಬರು ತೊಲೆಯನ್ನು ಎತ್ತಿ ತಂದು ಯಂತ್ರದ ಕಾಲಿಗೆ ಕೊಟ್ಟು ಬಾಗಿಲ ಕಡೆ ಇಳಿಸಿದರು. ಈಗ ಎಲ್ಲರೂ ನೋಡುತ್ತಾರೆ ಎಂದು ಎಕೋ ಕಣ್ಣು ಮುಚ್ಚಿಕೊಂಡ. ಯಾರೂ ಕೂಗಲಿಲ್ಲ. ಕಣ್ಣು ತೆರೆದಾಗ ಸೆಲಾಸಿ ಮಂಡಿಯೂರಿ ಕೂತಿದ್ದ. ಪೈಪಿನ ಹಿಂದೆ ಕೈ ಹಾಕಿ, ಚಿಂದಿಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತೆಗೆದ. ಬೆಣೆ. ನಾಲ್ಕು ಬೆರಳು ದಪ್ಪದ, ನುಣ್ಣಗೆ ಕೆತ್ತಿದ ಗಟ್ಟಿಮರದ ಬೆಣೆ. ಸಂದಿಗೆ ಇಟ್ಟು ಸುತ್ತಿಗೆಯಿಂದ ಎರಡು ಏಟು ಹಾಕಿದ. ಕಲ್ಲಿನಂತೆ ಕೂತಿತು. ಮೈಯನ್ನೇ ಮರೆ ಮಾಡಿ ಅಡ್ಡ ಕೂತದ್ದರಿಂದ ಸಂದು ಎಷ್ಟಿತ್ತೆಂದು ಬೇರೆಯವರಿಗೆ ಕಾಣಲಿಲ್ಲ; ಬೆಣೆಯೂ ಬೋಸನ್ನೇ ಮಾಡಿಟ್ಟದ್ದೆಂದುಕೊಂಡರು.

ತಲೆ ಎತ್ತಿದಾಗ ಇಬ್ಬರ ಕಣ್ಣೂ ಸೇರಿದವು.

ಇವನಿಗೆ ಗೊತ್ತಿತ್ತು. ಮೂರು ದಿನದಿಂದ ಗೊತ್ತಿತ್ತು. ಒಬ್ಬನೇ ಇಳಿದು ಬಂದು ನೋಡಿದ್ದಾನೆ, ಕೆತ್ತಿದ್ದಾನೆ, ಬಚ್ಚಿಟ್ಟಿದ್ದಾನೆ, ಯಾರಿಗೂ ಹೇಳಿಲ್ಲ. ಆ ಗಳಿಗೆಯಲ್ಲಿ ಎಕೋನಿಗೆ ಕೃತಜ್ಞತೆ ಬರಬೇಕಿತ್ತು. ಬಂದದ್ದು ಅದಲ್ಲ. ಒಳ್ಳೆಯತನದಲ್ಲೂ ಇವನೇ ಗೆದ್ದನಲ್ಲ ಎಂದು ಹೊಟ್ಟೆಯೊಳಗೆ ಹೊಸದೊಂದು ಉರಿ ಎದ್ದಿತು, ಹಿಂದಿನದೆಲ್ಲ ಅದರ ಮುಂದೆ ತಣ್ಣಗೆ.

ಅಷ್ಟರಲ್ಲಿ ಹೊರಗಿನಿಂದ ಮೊದಲ ಏಟು ಬಿತ್ತು.

ಕಬ್ಬಿಣದ ಕೋಣೆಯಲ್ಲಿ ಸುತ್ತಿಗೆಯ ಏಟು ಕಿವಿಗಲ್ಲ, ಹಲ್ಲಿಗೆ ಕೇಳಿಸುತ್ತದೆ. ಎರಡನೆಯ ಏಟಿಗೆ ಸೆಲಾಸಿ ಕುಸಿದ. ಮೂಲೆಗೆ ತೆವಳಿ ಹೋಗಿ, ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಮುದುಡಿದ. ಪ್ಯಾಂಟು ಒದ್ದೆಯಾಗಿ ನೆಲದ ಮೇಲೆ ನೀರು ಹರಿಯಿತು.

"ಸೆಲಾಸಿ, ಈಗೇನ್ ಮಾಡೋದು?" ಎಂದು ಟೆಟೆ ಕೇಳಿದ. "ಹೇಳೋ, ನಿಂಗೆ ಗೊತ್ತಲ್ಲ."

ಅವನು ತನ್ನ ಭಾಷೆಯಲ್ಲಿ ಅಮ್ಮನನ್ನು ಕರೆಯುತ್ತಿದ್ದ. ಬಾಗಿಲು ಬಡಿತಕ್ಕೆ ಅದುರಿ ಬೆಣೆ ಒಂದಿಷ್ಟು ಹೊರಗೆ ಸರಿಯಿತು. ಹನ್ನೆರಡು ಮುಖಗಳು ಸೆಲಾಸಿಯನ್ನು ಬಿಟ್ಟು ಎಕೋನ ಕಡೆ ತಿರುಗಿದವು. ಎಷ್ಟು ದಿನದಿಂದ ಅವನು ಕಾದಿದ್ದನೋ ಆ ನೋಟ ಅದು. ಕ್ಯಾಪ್ಟನ್ನೂ ನೋಡುತ್ತಿದ್ದರು.

ಎಕೋ ಸುತ್ತಿಗೆ ಎತ್ತಿಕೊಂಡ. ಹೊರಗೆ ಒಂದು ಏಟು ಬಿದ್ದರೆ ಒಳಗೆ ಬೆಣೆಯ ಮೇಲೆ ಅವನದೊಂದು ಏಟು. ತೊಲೆಗೆ ಹೆಗಲು ಕೊಟ್ಟು ಕೂತ. "ಟೆಟೆ, ಬಾ ಇಲ್ಲಿ, ಈ ಕಡೆ ಹೆಗಲು ಕೊಡು. ಅಳೋದಿದ್ರೆ ಆಮೇಲೆ ಅಳು." ಇನ್ನಿಬ್ಬರನ್ನು ಕರೆದು ತೊಲೆಯ ನಡುವಿಗೆ ಕೂರಿಸಿದ. ಹೊರಗಿನವರು ಬೈಯುವುದು, ಬಾಗಿಲ ಮೇಲೆ ಗುಂಡು ಹಾರಿಸುವುದು, ಮತ್ತೆ ಬಡಿಯುವುದು. ಅಗುಳಿ ಬಗ್ಗಿತು. ಬಾಗಿಲು ಬಗ್ಗಲಿಲ್ಲ. ನಡುವೆ ಒಮ್ಮೆ ಎಕೋ ತೆವಳಿ ಹೋಗಿ ಸೆಲಾಸಿಯನ್ನು ಕಂಕುಳಿಗೆ ಕೈ ಕೊಟ್ಟು ಎಳೆದು ತಂದು ತನ್ನ ಕಾಲ ಬಳಿ ಮಲಗಿಸಿಕೊಂಡ. ಎಡಗೈ ಅವನ ತಲೆಯ ಮೇಲಿಟ್ಟು ಬಲಗೈಯಲ್ಲಿ ಸುತ್ತಿಗೆ ಬೀಸಿದ. ಆ ತಲೆ ಕಾಯಿಲೆಯ ಮಗುವಿನಂತೆ ಬಿಸಿಯಾಗಿತ್ತು. ಇದನ್ನು ನಾನು ಬಯಸಿದೆನಲ್ಲ, ಅರವತ್ತು ದಿನ ಎಂದೆನಲ್ಲ ಎಂದುಕೊಂಡ.

ಶುರುವಾಗಿ ಎರಡು ಗಂಟೆ ಹತ್ತು ನಿಮಿಷವಾದ ಮೇಲೆ ಬಡಿತ ನಿಂತಿತು. ಆಮೇಲೆ ದೋಣಿಗಳು ಹೊರಟ ಸದ್ದು. ಆಮೇಲೆ ಎಷ್ಟೋ ಹೊತ್ತಿಗೆ ಕ್ಯಾಪ್ಟನ್ ಕೈಯ ರೇಡಿಯೋದಲ್ಲಿ ನೌಕಾದಳದವರ ದನಿ. ಮೇಲೆ ಬಂದು ನೋಡಿದರೆ ಫೋನು, ಬಟ್ಟೆ, ಬೂಟು ಎಲ್ಲ ಹೋಗಿತ್ತು. ಟೆಟೆಯ ಸಾರಿನ ಪಾತ್ರೆಯೂ ಹೋಗಿತ್ತು.

"ಅಕ್ಕಿ ಬಿಟ್ಟಿದ್ದಾರೆ," ಎಂದ ಟೆಟೆ, ಅಳುತ್ತಲೋ ನಗುತ್ತಲೋ. "ಬೇಯಿಸೋಕೆ ಬರಲ್ಲ ಮುಂಡೇವಕ್ಕೆ."

ಆವತ್ತು ಸಂಜೆ ಕ್ಯಾಪ್ಟನ್ ಎಲ್ಲರ ಮುಂದೆ ಎಕೋನ ಭುಜ ಹಿಡಿದು, "ಬೋಸನ್ ಕೊಯ್ದ ತೊಲೆ ಹದಿನಾಲ್ಕು ಜೀವ ಉಳಿಸ್ತು" ಎಂದರು. ಎಲ್ಲರೂ ಕೈ ತಟ್ಟಿದರು. ಕಂಬಳಿ ಹೊದ್ದು ಮೂಲೆಯಲ್ಲಿ ಕೂತಿದ್ದ ಸೆಲಾಸಿಯೂ ತಟ್ಟಿದ. ಸಿಕ್ಕ ಹೊಗಳಿಕೆ ಎಕೋನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತುಬಿಟ್ಟಿತು. ಎರಡು ದಿನ ಹಾಗೇ ಇದ್ದ. ಹಡಗು ಟೆಮಾ ಕಡೆ ತಿರುಗಿತ್ತು. ಮೂರನೆಯ ದಿನ ಬೆಳಿಗ್ಗೆ ಕ್ಯಾಪ್ಟನ್ ಕೋಣೆಯ ಬಾಗಿಲು ತಟ್ಟಿದ.

"ಸರ್, ಆ ತೊಲೆ ಕಮ್ಮಿ ಇತ್ತು. ಸೆಲಾಸಿ ಬೆಣೆ ಮಾಡಿಟ್ಟಿದ್ದ."

ಕ್ಯಾಪ್ಟನ್ ಪೆನ್ನು ಕೆಳಗಿಟ್ಟರು. "ಎಷ್ಟು ಕಮ್ಮಿ?"

"ನಾಲ್ಕು ಬೆರಳು."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಗೊತ್ತಿದ್ದೇ ಆಯ್ತು ಅಂದೆ."

"ಯಾಕೆ ಬೋಸನ್?"

ಎಕೋ ನೆಲ ನೋಡಿದ. "ಅವ್ನ ಮೇಲೆ ಹೊಟ್ಟೆಕಿಚ್ಚು ಸರ್."

"ಅವ್ನ ಮೇಲಾ? ಅವ್ನತ್ರ ಏನಿದೆ ಅಂತ? ಕಳ್ಳರು ಹಿಡ್ಕೊಂಡು ಹೋಗಿದ್ದಕ್ಕಾ?"

"ಹೌದು ಸರ್. ನೀವು ಅವ್ನಿಗೋಸ್ಕರ ಮೆಟ್ಟಿಲಿಳಿದು ಹೋದ್ರಿ."

ಕ್ಯಾಪ್ಟನ್ ಬೈಯಲಿಲ್ಲ. ಬೈದಿದ್ದರೆ ಎಕೋನಿಗೆ ಹಗುರಾಗುತ್ತಿತ್ತು. ಅವರು, "ಮುಂದಿನ ಎರಡು ಸಲ ನೀನು ಹತ್ತಬೇಡ. ಮನೇಲಿರು. ಆಮೇಲೆ ನೋಡೋಣ" ಎಂದಷ್ಟೇ ಹೇಳಿ ಮತ್ತೆ ಪೆನ್ನು ಎತ್ತಿಕೊಂಡರು.

ಟೆಮಾದಲ್ಲಿ ಇಳಿದ ದಿನ ಎಕೋ ಬಂದರಿನ ಗೇಟಿನ ಹೊರಗೆ ಸೆಲಾಸಿಯನ್ನು ಕಂಡ. ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಟ್ರೋಟ್ರೋ ವ್ಯಾನಿಗೆ ಕಾಯುತ್ತಿದ್ದ. ಹೋಗಿ ಪಕ್ಕದಲ್ಲಿ ನಿಂತ.

"ಊರಿಗಾ?"

"ಹೌದಣ್ಣಾ, ಅನ್ಲೋಗಕ್ಕೆ. ಅಮ್ಮನ ಈರುಳ್ಳಿ ಮಡಿಗಳಿವೆ. ಇನ್ನು ನೀರಿನ ಮೇಲೆ ಬರಲ್ಲ."

"ಯಾಕೆ ನಂಗೆ ಹೇಳ್ಲಿಲ್ಲ, ತೊಲೆ ಕಮ್ಮಿ ಇದೆ ಅಂತ?"

"ಹೇಳಿದ್ರೆ ಇನ್ನೊಂದು ಕೊಯ್ತಿದ್ರಿ, ನನ್ನ ಮೇಲೆ ಇನ್ನಷ್ಟು ಉರಿದು ಬೀಳ್ತಿದ್ರಿ. ಬೆಣೆ ಕೆತ್ತೋದು ಅರ್ಧ ಗಂಟೆ ಕೆಲ್ಸ."

"ಉರೀತಿದ್ದೆ ಅಂತ ಗೊತ್ತಿತ್ತಾ ನಿಂಗೆ?"

ಸೆಲಾಸಿ ರಸ್ತೆಯ ಕಡೆ ನೋಡುತ್ತಲೇ ಹೇಳಿದ. "ನಾವು ಒಂಬತ್ತು ಜನ ಇದ್ವಿ ಅಲ್ಲಿ. ಇಪ್ಪತ್ತನೇ ದಿನ ನಮ್ಮಲ್ಲೊಬ್ಬ, ಇಂಜಿನ್ನಿಗೆ ಎಣ್ಣೆ ಹಾಕೋ ಮುದುಕ, ಜ್ವರ ಬಂದು ಬಿದ್ದ. ಇವ್ನು ಇಲ್ಲೇ ಸತ್ರೆ ರಗಳೆ, ನಾಳೆ ಬಿಟ್ಟುಬಿಡೋಣ ಅಂತ ಅವ್ರು ಮಾತಾಡ್ಕೊಂಡ್ರು. ನಾಳೆ ಅವ್ನು ಮನೆಗೆ. ನಾವು ಅಲ್ಲೇ. ಆ ರಾತ್ರಿ ಅವ್ನು ನೀರು ಕೇಳ್ದ. ನನ್ನ ಬಾಟ್ಲಲ್ಲಿ ನೀರಿತ್ತು. ನಾನು ನಿದ್ದೆ ಬಂದೋನ ಹಾಗೆ ಬಿದ್ದುಕೊಂಡಿದ್ದೆ."

ಎಕೋ ಅವನ ಕಡೆ ತಿರುಗಿದ. "ಸತ್ತುಹೋದ್ನಾ?"

"ಇಲ್ಲ. ಬೆಳಿಗ್ಗೆ ಹೊತ್ಕೊಂಡು ಹೋಗಿ ದೋಣೀಲಿ ಹಾಕಿದ್ರು. ಈಗ ಟಕೊರಾಡಿಲಿ ಇದ್ದಾನೆ, ಗಟ್ಟಿಮುಟ್ಟಾಗಿ. ಹಬ್ಬಕ್ಕೆಲ್ಲ ಫೋನ್ ಮಾಡಿ ಹೇಗಿದ್ದೀಯ ತಮ್ಮಾ ಅಂತಾನೆ. ನಾನು ಎತ್ತಲ್ಲ." ಅವನು ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡ. "ಜನ ಬಂದು ಅಲ್ಲಿ ಹೇಗಿತ್ತು, ಹೇಳು ಹೇಳು ಅಂತಾರೆ. ಏನು ಹೇಳ್ಲಿ? ಆ ಕಾಡಲ್ಲಿ ಕನ್ನಡಿ ಇರ್ಲಿಲ್ಲ. ಆದ್ರೂ ಆ ರಾತ್ರಿ ನನ್ನ ಮುಖ ಹೇಗಿತ್ತು ಅಂತ ನಂಗೆ ಗೊತ್ತು. ನಾನು ಏಣಿ ಹತ್ತಿ ಬಂದಾಗ ನಿಮ್ಮ ಮುಖ ನೋಡ್ದೆ. ಗುರುತು ಸಿಕ್ತು."

ವ್ಯಾನು ಬಂತು. ಹುಡುಗರು ಕೂಗಿ ಕರೆದು ಜನರನ್ನು ತುಂಬಿಸುತ್ತಿದ್ದರು. ಎಕೋ ಚೀಲ ಎತ್ತಿ ಒಳಗೆ ಕೊಟ್ಟ. ಕೈ ಚಾಚಿದ. ಸೆಲಾಸಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಿಟ್ಟ.

"ಆ ಮುದುಕ ಇನ್ನೊಂದ್ಸಲ ಮಾಡಿದ್ರೆ ಎತ್ತು ಮಾರಾಯ," ಎಂದ ಎಕೋ.

"ನೋಡೋಣ ಅಣ್ಣಾ," ಎಂದ ಸೆಲಾಸಿ.

ಎಕೋ ಎಲ್ಮಿನಾಕ್ಕೆ ಬಂದು ಮನೆಯಲ್ಲಿ ಕೂತ. ಹೊಗೆಯೊಲೆಗಳ ಸುತ್ತ ಕೇರಿಯ ಜನ ಸೇರಿ ಕಥೆ ಕೇಳಿದರು. ಹೊರಗೆ ಹೇಳಿಕೊಳ್ಳುವಂಥದ್ದು ಅವನ ಬಳಿ ಮೊದಲ ಸಲ ಇತ್ತು. ಹಾಸಿಗೆ, ಸುತ್ತಿಗೆ, ಎರಡು ಗಂಟೆಯ ಬಡಿತ ಎಲ್ಲ ಹೇಳಿದ. ತೊಲೆ ಕಮ್ಮಿ ಇದ್ದದ್ದನ್ನೂ ತನ್ನ ಹೊಟ್ಟೆಕಿಚ್ಚಿನಿಂದ ಹಾಗಾದದ್ದನ್ನೂ ಬಿಡಲಿಲ್ಲ. ಜನ ಬಾಯ್ತುಂಬ ನಕ್ಕರು. "ನೋಡ್ರಪ್ಪಾ ವಿನಯ! ತಾನು ಮಾಡಿದ್ದನ್ನ ಇನ್ನೊಬ್ರಿಗೆ ಕೊಡ್ತಾನೆ. ಎಂಥಾ ದೊಡ್ಡ ಮನಸ್ಸು" ಎಂದು ಒಬ್ಬ ಮುದುಕಿ ಅವನ ಕೆನ್ನೆ ಸವರಿದಳು. ಎರಡು ಮೂರು ಸಲ ಒತ್ತಿ ಹೇಳಿದ. ಹೇಳಿದಷ್ಟೂ ಅವರ ಕಣ್ಣಲ್ಲಿ ದೊಡ್ಡವನಾದ. ಕೊನೆಗೆ ಬಿಟ್ಟುಬಿಟ್ಟ.

ಎಲ್ಲರೂ ಹೋದ ಮೇಲೆ ಅರಬಾ ಒಲೆಯಿಂದ ಬುಟ್ಟಿ ಇಳಿಸುತ್ತ ಹೇಳಿದಳು, "ನಾನು ನಂಬ್ತೀನಿ."

"ಏನನ್ನ?"

"ನೀನು ಕಮ್ಮಿ ಕೊಯ್ದಿದ್ದು. ನನ್ನ ತಮ್ಮ ಹೊಸ ದೋಣಿ ಇಳಿಸಿದಾಗ ಮೂರು ದಿನ ಅನ್ನ ಬಿಟ್ಟೋನು ನೀನು. ನಂಗೆ ಗೊತ್ತಿಲ್ವಾ?" ಅವಳ ದನಿಯಲ್ಲಿ ನಗು ಇರಲಿಲ್ಲ. "ಹದಿನಾಲ್ಕು ಮನೆಯ ಹೆಂಗಸರು ವಿಧವೆಯರಾಗ್ತಿದ್ರು ಕಣೋ. ನಾನೂ ಸೇರಿ."

ಎಕೋ ತಲೆ ತಗ್ಗಿಸಿ ಕೂತ. ಅವಳು ಎರಡು ಒಲೆಗೆ ಸೌದೆ ತುರುಕಿ ಬಂದಳು. ಬಂದು ಅವನ ಮುಖವನ್ನು ಮತ್ತೆ ದಿಟ್ಟಿಸಿದಳು.

"ಈಗ ಯಾರ ಮೇಲೆ?"

"ಏನು ಯಾರ ಮೇಲೆ?"

"ಹೊಟ್ಟೆಕಿಚ್ಚು. ಬೆಳಿಗ್ಗೆಯಿಂದ ಮುಖ ಹಂಗೇ ಇದೆ."

ಎಕೋನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನನ್ನ ಜಾಗಕ್ಕೆ ಬಂದಿದ್ದಾನಲ್ಲ, ಆ ಹೊಸ ಬೋಸನ್. ತಂತಿಯನ್ನ ಎರಡು ಸಾಲು ಕಟ್ಟಿಸಿದ್ದಾನಂತೆ. ಟೆಟೆ ಫೋನಲ್ಲಿ ಹೊಗಳಿದ್ದೇ ಹೊಗಳಿದ್ದು."

ಅರಬಾ ಈಗ ನಕ್ಕಳು. ಮೀನು ಜೋಡಿಸಿದ ಜಾಲರಿಯ ಒಂದು ಬದಿ ಅವನ ಕೈಗೆ ಕೊಟ್ಟು, "ಹಿಡ್ಕೋ, ತಿರುವಿ ಹಾಕ್ಬೇಕು. ಆ ಕಡೆ ಸುಟ್ಟು ಹೋಗ್ತಿದೆ" ಎಂದಳು.